ದಂತ ಇಂಪ್ಲಾಂಟ್ ಹಾಕುವವರು ಅದರ ವಿವರದ ಕಾರ್ಡನ್ನೂ ಕೊಡಲಿ

ಮಾನ್ಯ ಸಂಪಾದಕರೇ,

ಹಲ್ಲು ಕಳೆದುಕೊಂಡ ಜಾಗಕ್ಕೆ ಇಂಪ್ಲಾಂಟ್ ಹಾಕಿಸಿಕೊಂಡವರು ಈಗ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ತಾಲ್ಲೂಕು ಕೇಂದ್ರಗಳಲ್ಲಷ್ಟೇ ಅಲ್ಲ, ಹಳ್ಳಿಗಳಲ್ಲೂ ಸಿಗುತ್ತಾರೆ. ಚಿಕಿತ್ಸೆ ಒಳ್ಳೆಯದು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ತಮ್ಮ ದವಡೆಯೊಳಗೆ ಕೂರಿಸಿರುವ ವಸ್ತು ಯಾವ ಕಂಪನಿಯದು, ಯಾವ ಮಾದರಿಯದು, ಅದರ ಅಳತೆ ಎಷ್ಟು ಎಂಬುದನ್ನು ಬರೆದ ಒಂದು ಕಾರ್ಡು ನಾನು ವಿಚಾರಿಸಿದ ಯಾರ ಬಳಿಯೂ ಇರಲಿಲ್ಲ. ಇಂಥ ಕಾರ್ಡು ಕೊಡುವುದನ್ನು ಮೂರೂ ಜಿಲ್ಲೆಗಳ ಆಡಳಿತ ಕಡ್ಡಾಯ ಮಾಡಬೇಕೆಂದು ಕೋರಿ, ತಮ್ಮ ಪತ್ರಿಕೆಯ ಮೂಲಕ ಈ ವಿಷಯವನ್ನು ಜಿಲ್ಲಾಧಿಕಾರಿಗಳ ಮತ್ತು ದಂತವೈದ್ಯರ ಗಮನಕ್ಕೆ ತರಬಯಸುತ್ತೇನೆ.

ಕಾರ್ಡು ಏಕೆ ಅಷ್ಟು ಮುಖ್ಯ ಎನ್ನುವುದು ತಿಳಿಯಬೇಕಾದರೆ ಇಂಪ್ಲಾಂಟಿನ ರಚನೆ ತಿಳಿದಿರಬೇಕು. ಹಲ್ಲಿನ ಬೇರು ಇದ್ದ ಜಾಗದಲ್ಲಿ ದವಡೆಯ ಎಲುಬಿಗೆ ಕೂರಿಸುವ ಟೈಟಾನಿಯಂ ಸ್ಕ್ರೂವೇ ಇಂಪ್ಲಾಂಟ್. ಸಾಮಾನ್ಯವಾಗಿ ಅದರ ದಪ್ಪ 3ರಿಂದ 5 ಮಿಲಿಮೀಟರ್, ಉದ್ದ 8ರಿಂದ 13 ಮಿಲಿಮೀಟರ್ ಇರುತ್ತದೆ. ಸ್ವೀಡನ್ನಿನ ವೈದ್ಯವಿಜ್ಞಾನಿ ಪೆರ್ ಇಂಗ್ವಾರ್ ಬ್ರೋನೆಮಾರ್ಕ್ ಅವರು 1950ರ ದಶಕದಲ್ಲಿ ಮೊಲಗಳ ಎಲುಬಿನೊಳಗಿನ ರಕ್ತಸಂಚಾರವನ್ನು ಅಭ್ಯಾಸ ಮಾಡಲು ಟೈಟಾನಿಯಂನ ಪುಟ್ಟ ಸಾಧನವೊಂದನ್ನು ಇಟ್ಟಿದ್ದರು. ಪ್ರಯೋಗ ಮುಗಿದ ಮೇಲೆ ಅದನ್ನು ತೆಗೆಯಲು ಹೋದರೆ ಎಲುಬು ಅದಕ್ಕೆ ಬೆಸೆದುಕೊಂಡಿತ್ತು. ಆ ಗುಣವನ್ನೇ ಆಧರಿಸಿ 1965ರಲ್ಲಿ ಅವರು ಮೊದಲ ಬಾರಿಗೆ ಮನುಷ್ಯನ ದವಡೆಗೆ ಟೈಟಾನಿಯಂ ಇಂಪ್ಲಾಂಟ್ ಹಾಕಿದರು. ಇಂದಿಗೂ ಚಿಕಿತ್ಸೆಯ ತಳಹದಿ ಅದೇ. ಎಲುಬು ಬೆಸೆದುಕೊಳ್ಳಲು ಕೆಳದವಡೆಯಲ್ಲಿ ಸುಮಾರು ಮೂರು ತಿಂಗಳು, ಎಲುಬು ಮೃದುವಾಗಿರುವ ಮೇಲ್ದವಡೆಯಲ್ಲಿ ನಾಲ್ಕರಿಂದ ಆರು ತಿಂಗಳು ಬೇಕಾಗುತ್ತದೆ. ಆಮೇಲೆ ಇಂಪ್ಲಾಂಟಿನ ಮೇಲೆ ಅಬಟ್‌ಮೆಂಟ್ ಎಂಬ ಚಿಕ್ಕ ಕಂಬವನ್ನು ಇನ್ನೊಂದು ಸಣ್ಣ ಸ್ಕ್ರೂವಿನಿಂದ ಬಿಗಿದು, ಅದರ ಮೇಲೆ ಹಲ್ಲಿನ ಆಕಾರದ ಕ್ಯಾಪ್ ಕೂರಿಸುತ್ತಾರೆ.

ಹೀಗೆ ಹಾಕಿದ ಇಂಪ್ಲಾಂಟುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹತ್ತು ವರ್ಷದ ನಂತರವೂ ದವಡೆಯಲ್ಲಿ ಗಟ್ಟಿಯಾಗಿ ಉಳಿದಿರುತ್ತವೆ. ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ನಿಲ್ಲುವ ಕೃತಕ ಹಲ್ಲು, ಅಂದರೆ ಬ್ರಿಡ್ಜ್ ಹಾಕಿಸಿದರೆ ಆ ಅಕ್ಕಪಕ್ಕದ ಗಟ್ಟಿ ಹಲ್ಲುಗಳನ್ನು ಉಜ್ಜಿ ಸಣ್ಣ ಮಾಡಬೇಕಾಗುತ್ತದೆ. ತೆಗೆದು ಹಾಕುವ ಹಲ್ಲಿನ ಸೆಟ್ಟಿನ ಕೆಳಗೆ ಎಲುಬು ವರ್ಷದಿಂದ ವರ್ಷಕ್ಕೆ ಸವೆದು ಸೆಟ್ಟು ಸಡಿಲವಾಗುತ್ತದೆ. ಇಂಪ್ಲಾಂಟಿಗೆ ಈ ಎರಡು ತೊಂದರೆಗಳೂ ಇಲ್ಲ. ಕಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದ ಹಿರಿಯರು ಮತ್ತೆ ಅಗಿದು ತಿನ್ನುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಆದರೆ ಆಟೊಗಳ ಹಿಂದೆ, ಬಸ್ ನಿಲ್ದಾಣದ ಗೋಡೆಗಳ ಮೇಲೆ ಬರೆಸಿರುವಂತೆ ಒಮ್ಮೆ ಹಾಕಿಸಿದರೆ ಸಾಯುವ ತನಕ ತಿರುಗಿ ನೋಡಬೇಕಾಗಿಲ್ಲ ಎಂಬ ಮಾತು ನಿಜವಲ್ಲ. ಎಲುಬಿನೊಳಗಿನ ಭಾಗ ದಶಕಗಟ್ಟಲೆ ಬಾಳಿದರೂ ಮೇಲಿನ ಕ್ಯಾಪ್ ಸವೆಯುತ್ತದೆ, ಒಡೆಯುತ್ತದೆ. ಹತ್ತು ಹದಿನೈದು ವರ್ಷಕ್ಕೆ ಅದನ್ನು ಬದಲಿಸಬೇಕಾಗಿ ಬರುವುದು ಸಾಮಾನ್ಯ. ನಡುವಿನ ಸಣ್ಣ ಸ್ಕ್ರೂ ಸಡಿಲಗೊಳ್ಳುವುದಂತೂ, ಅದರಲ್ಲೂ ದವಡೆ ಹಲ್ಲಿನ ಜಾಗದಲ್ಲಿ, ದಂತವೈದ್ಯರು ಪದೇ ಪದೇ ಕಾಣುವ ತೊಂದರೆ. ಸರಿಯಾದ ಸಾಧನ ಕೈಯಲ್ಲಿದ್ದರೆ ಅದನ್ನು ಬಿಗಿಯುವುದು ಕೆಲವೇ ನಿಮಿಷಗಳ ಕೆಲಸ.

ಆ ಸಾಧನ ಸಿಗದೆ ಏನಾಗುತ್ತದೆ ಎನ್ನುವುದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ನನ್ನ ಅಣ್ಣನವರು ಸಿಂಧನೂರು ತಾಲ್ಲೂಕಿನಲ್ಲಿ ಭತ್ತ ಬೆಳೆಯುವ ರೈತರು. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಅವರ ಮಗ ತಂದೆಯನ್ನು ಕರೆಸಿಕೊಂಡು, ಅಲ್ಲಿನ ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ಕೆಳದವಡೆಗೆ ಇಂಪ್ಲಾಂಟ್ ಹಾಕಿಸಿದ. ಕೆಲಸ ಚೆನ್ನಾಗಿಯೇ ಆಗಿತ್ತು, ಕೆಲವು ವರ್ಷ ಯಾವ ತೊಂದರೆಯೂ ಇರಲಿಲ್ಲ. ಆಮೇಲೆ ಕ್ಯಾಪ್ ಅಲುಗಾಡತೊಡಗಿತು. ಇಲ್ಲಿನ ದಂತವೈದ್ಯರು ಎಕ್ಸ್‌ರೇ ತೆಗೆದು, ಎಲುಬು ಗಟ್ಟಿಯಾಗಿದೆ, ಒಳಗಿನ ಸಣ್ಣ ಸ್ಕ್ರೂ ಮಾತ್ರ ಸಡಿಲವಾಗಿದೆ ಎಂದು ಸರಿಯಾಗಿಯೇ ಗುರುತಿಸಿದರು. ಆದರೆ ಅವರ ಬಳಿ ಇದ್ದ ಯಾವ ಸ್ಕ್ರೂ ಡ್ರೈವರೂ ಅದಕ್ಕೆ ಹೊಂದಲಿಲ್ಲ. ಇಂಪ್ಲಾಂಟ್ ತಯಾರಿಸುವ ಕಂಪನಿಗಳು ಜಗತ್ತಿನಲ್ಲಿ ನೂರಾರು ಇವೆ. ಒಬ್ಬರದು ಒಳಗೆ ಆರು ಮೂಲೆಯ ಜೋಡಣೆ, ಇನ್ನೊಬ್ಬರದು ಶಂಕುವಿನಾಕಾರದ್ದು, ಸ್ಕ್ರೂವಿನ ತಲೆಯ ಅಳತೆಯೂ ಬೇರೆ ಬೇರೆ. ಟ್ರ್ಯಾಕ್ಟರಿನ ನಟ್ಟಿಗೆ ಅದರದೇ ಅಳತೆಯ ಪಾನಾ ಬೇಕಾಗುವಂತೆ ಇದಕ್ಕೂ ಅದರದೇ ಡ್ರೈವರ್ ಬೇಕು. ಬಿಲ್ಲಿನಲ್ಲಿ ಇಂಪ್ಲಾಂಟ್ ಮತ್ತು ಕ್ಯಾಪ್ ಎಂಬ ಎರಡು ಪದಗಳೂ ಒಟ್ಟು ಮೊತ್ತವೂ ಇದ್ದವೇ ಹೊರತು ಕಂಪನಿಯ ಹೆಸರಿರಲಿಲ್ಲ. ಫೋನು ಮಾಡಿದರೆ, ಚಿಕಿತ್ಸಾಲಯ ಬೇರೆಯವರ ಕೈಗೆ ಹೋಗಿದೆ, ಹಳೆಯ ದಾಖಲೆ ಸಿಗುವುದಿಲ್ಲ ಎಂಬ ಉತ್ತರ ಬಂತು. ನಾಟಿಯ ಕಾಲವಾದ್ದರಿಂದ ಅಣ್ಣನವರು ಒಂದೇ ಬದಿಯಿಂದ ಅಗಿಯುತ್ತ ದಿನ ದೂಡಿದರು. ಅಷ್ಟರಲ್ಲಿ ಸಡಿಲವಾಗಿದ್ದ ಸ್ಕ್ರೂ ಒಳಗೇ ಮುರಿಯಿತು. ತುಣುಕನ್ನು ಹೊರತೆಗೆಯಲಾಗದೆ, ಎಲುಬಿಗೆ ಪೂರ್ತಿ ಬೆಸೆದಿದ್ದ, ಯಾವ ರೋಗವೂ ಇಲ್ಲದ ಇಂಪ್ಲಾಂಟನ್ನೇ ಕೊನೆಗೆ ಕೊರೆದು ತೆಗೆಯಬೇಕಾಯಿತು. ಒಂದು ಕಂಪನಿಯ ಹೆಸರು, ಒಂದು ಮಾದರಿ ಸಂಖ್ಯೆ ಬರೆದಿಟ್ಟಿದ್ದರೆ ಇದಾವುದೂ ಆಗುತ್ತಿರಲಿಲ್ಲ ಎನ್ನುವುದು ನನಗೆ ಇವತ್ತಿಗೂ ನೋವಿನ ಸಂಗತಿ.

ಈ ಪ್ರಶ್ನೆ ನಮ್ಮ ಭಾಗಕ್ಕೆ ಹೆಚ್ಚು ಅನ್ವಯಿಸುತ್ತದೆ. ನಮ್ಮ ಹಳ್ಳಿಗಳ ಮಕ್ಕಳು ಓದಿಗೆ, ನೌಕರಿಗೆ, ಕೂಲಿಗೆ ಬೆಂಗಳೂರು, ಹೈದರಾಬಾದ್, ಪುಣೆಗಳಿಗೆ ಹೋಗಿದ್ದಾರೆ. ದೊಡ್ಡ ಚಿಕಿತ್ಸೆ ಎಂದರೆ ಹೆತ್ತವರನ್ನು ಅಲ್ಲಿಗೇ ಕರೆಸಿಕೊಳ್ಳುತ್ತಾರೆ. ಚಿಕಿತ್ಸೆ ಅಲ್ಲಿ ನಡೆಯುತ್ತದೆ, ಮುಂದಿನ ಇಪ್ಪತ್ತು ವರ್ಷದ ಆರೈಕೆ ಲಿಂಗಸುಗೂರಿನಲ್ಲೋ ಕುಷ್ಟಗಿಯಲ್ಲೋ ಸಿರುಗುಪ್ಪದಲ್ಲೋ ನಡೆಯಬೇಕಾಗುತ್ತದೆ. ಹಾಕಿದವರೇ ಕೊನೆಯವರೆಗೂ ನೋಡಿಕೊಳ್ಳುತ್ತಾರೆ ಎಂಬ ನಂಬಿಕೆಯ ಮೇಲೆ ನಡೆಯುವ ಈಗಿನ ಪದ್ಧತಿ ನಮ್ಮವರ ಬದುಕಿಗೆ ಹೊಂದುವುದಿಲ್ಲ.

ಕಾರ್ಡು ಕೊಡಲು ದಂತವೈದ್ಯರು ಹೊಸದಾಗಿ ಖರ್ಚು ಮಾಡಬೇಕಾದ್ದೇನೂ ಇಲ್ಲ. ಹೆಸರಾಂತ ಕಂಪನಿಗಳ ಇಂಪ್ಲಾಂಟ್ ಡಬ್ಬಿಯೊಳಗೆ ಮಾದರಿ ಸಂಖ್ಯೆ, ಅಳತೆ, ಯಾವ ತಂಡದಲ್ಲಿ ತಯಾರಾಯಿತೆಂದು ತಿಳಿಸುವ ಲಾಟ್ ಸಂಖ್ಯೆ ಮುದ್ರಿಸಿದ, ಸುಲಿದು ಅಂಟಿಸುವ ಸ್ಟಿಕ್ಕರುಗಳು ಇದ್ದೇ ಇರುತ್ತವೆ. ಒಂದನ್ನು ಚಿಕಿತ್ಸಾಲಯದ ಕಡತಕ್ಕೆ, ಇನ್ನೊಂದನ್ನು ರೋಗಿಯ ಕಾರ್ಡಿಗೆ ಅಂಟಿಸಿ, ಯಾವ ಹಲ್ಲಿನ ಜಾಗ, ಯಾವ ದಿನಾಂಕ, ಅಬಟ್‌ಮೆಂಟ್ ಯಾವುದು, ಕ್ಯಾಪನ್ನು ಸಿಮೆಂಟಿನಿಂದ ಅಂಟಿಸಿದ್ದೋ ಸ್ಕ್ರೂವಿನಿಂದ ಬಿಗಿದದ್ದೋ ಎಂಬುದನ್ನು ಕೈಬರಹದಲ್ಲಿ ಸೇರಿಸಿದರೆ ಸಾಕು. ಕೊನೆಯ ವಿವರ ಚಿಕ್ಕದಾಗಿ ಕಂಡರೂ, ಮುಂದೆ ಕ್ಯಾಪನ್ನು ಬಿಚ್ಚಿ ಉಳಿಸಿಕೊಳ್ಳಬಹುದೋ ಕತ್ತರಿಸಬೇಕಾದೀತೋ ಎನ್ನುವುದು ಅದರ ಮೇಲೆ ನಿಂತಿದೆ. ಯುರೋಪ್ ಒಕ್ಕೂಟವು 2017ರಲ್ಲಿ ತಂದ ವೈದ್ಯಕೀಯ ಸಾಧನಗಳ ನಿಯಮದಲ್ಲಿ ದೇಹದೊಳಗೆ ಅಳವಡಿಸುವ ಸಾಧನಗಳಿಗೆ ಇಂಪ್ಲಾಂಟ್ ಕಾರ್ಡನ್ನು ಕಡ್ಡಾಯಗೊಳಿಸಿದೆ. ನಮ್ಮಲ್ಲಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಖಾಸಗಿ ದಂತ ಚಿಕಿತ್ಸಾಲಯಗಳೂ ನೋಂದಣಿ ಮಾಡಿಸಬೇಕು, ಜಿಲ್ಲಾ ನೋಂದಣಿ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ನೋಂದಣಿ ನವೀಕರಣದ ಸಮಯದಲ್ಲಿ ಇಂಪ್ಲಾಂಟ್ ಕಡತಗಳನ್ನು ಪರಿಶೀಲಿಸುವ ಒಂದು ಸೂಚನೆಯನ್ನು ಈ ಮೂವರು ಜಿಲ್ಲಾಧಿಕಾರಿಗಳು ಹೊರಡಿಸಿದರೆ ಕಾರ್ಡು ಕೊಡುವ ರೂಢಿ ಬೇಗನೆ ಬೇರೂರುತ್ತದೆ ಎಂದು ನನ್ನ ನಂಬಿಕೆ.

ಕಾರ್ಡಿನ ಹಿಂಬದಿಯಲ್ಲಿ ವರ್ಷಕ್ಕೊಮ್ಮೆಯಾದರೂ ತಪಾಸಣೆಯ ದಿನಾಂಕ ಬರೆಯಲು ಜಾಗವಿರಲಿ. ಸಹಜ ಹಲ್ಲಿಗೂ ಎಲುಬಿಗೂ ನಡುವೆ ತೆಳುವಾದ ನಾರುಗಳ ಪದರವೊಂದಿದೆ. ಒತ್ತಡವನ್ನು ತಾಳುವುದೂ ನೋವನ್ನು ತಿಳಿಸುವುದೂ ಅದೇ. ಇಂಪ್ಲಾಂಟಿಗೆ ಆ ಪದರವಿಲ್ಲದ ಕಾರಣ ಸುತ್ತಲಿನ ಒಸಡು ಬಾತು ಎಲುಬು ಕರಗುತ್ತಿದ್ದರೂ ಬಹಳ ಕಾಲ ನೋವೇ ಇರುವುದಿಲ್ಲ. ಇಂಪ್ಲಾಂಟಿಗೆ ಹುಳುಕು ಹಿಡಿಯುವುದಿಲ್ಲ ಎಂಬುದು ನಿಜ, ಆದರೆ ಒಸಡಿನ ಸೋಂಕು ಹಿಡಿಯುತ್ತದೆ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಮತ್ತು ತಂಬಾಕು ಅದಕ್ಕೆ ದಾರಿ ಮಾಡಿಕೊಡುತ್ತವೆ. ಎಲೆ ಅಡಿಕೆಯೊಂದಿಗೆ ತಂಬಾಕು ಹಾಕಿಕೊಳ್ಳುವ, ತಂಬಾಕಿನ ಪುಡಿಯಲ್ಲಿ ಹಲ್ಲು ಉಜ್ಜುವ ರೂಢಿ ನಮ್ಮಲ್ಲಿ ಇನ್ನೂ ಇರುವಾಗ, ಮುಂಗಡ ಹಣ ಕಟ್ಟಿಸಿಕೊಳ್ಳುವ ಮೊದಲೇ ಈ ಎರಡನ್ನೂ ವಿಚಾರಿಸುವುದು ವೈದ್ಯರ ಹೊಣೆ. ಇದೇ ಸಂದರ್ಭದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಜಿಲ್ಲೆಗಳ ಅನೇಕ ಹಳ್ಳಿಗಳಲ್ಲಿ ಫ್ಲೋರೈಡ್ ಹೆಚ್ಚಿರುವ ಬಾವಿ, ಬೋರಿನ ನೀರು ಕುಡಿದು ಬೆಳೆದ ಮಕ್ಕಳ ಹಲ್ಲುಗಳ ಮೇಲೆ ಕಂದು ಕಲೆ ಬರುತ್ತದೆ. ಕಲೆ ಇದೆ ಎಂಬ ಒಂದೇ ಕಾರಣಕ್ಕೆ ಗಟ್ಟಿಯಾದ ಹಲ್ಲನ್ನು ಕೀಳಿಸಿ ಇಂಪ್ಲಾಂಟ್ ಹಾಕಿಸುವ ಯೋಚನೆಯನ್ನು ಯಾರೂ ಮಾಡಬಾರದು. ಕಲೆಗೆ ಬೇರೆ ಸುಲಭ ಚಿಕಿತ್ಸೆಗಳಿವೆ, ಸ್ವಂತ ಹಲ್ಲಿಗೆ ಸಮನಾದ ಇಂಪ್ಲಾಂಟ್ ಇನ್ನೂ ಬಂದಿಲ್ಲ.

ವೆಚ್ಚದ ವಿಷಯ ದೊಡ್ಡದು, ಇಲ್ಲಿ ಅದರ ಒಂದು ಮಗ್ಗುಲನ್ನು ಮಾತ್ರ ಹೇಳುತ್ತೇನೆ. ಬಡ ಹಿರಿಯರಿಗೆ ಉಚಿತ ಸೆಟ್ಟು ಕೊಡುವ ದಂತಭಾಗ್ಯ ಯೋಜನೆಯನ್ನು ನಮ್ಮ ರಾಜ್ಯ ತಂದಿತು. ಹಲ್ಲೇ ಇಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟ್ ಇಟ್ಟು ಅದಕ್ಕೆ ಸೆಟ್ಟನ್ನು ಸಿಕ್ಕಿಸುವ ವಿಧಾನವೇ ಮೊದಲ ಆಯ್ಕೆಯಾಗಬೇಕೆಂದು 2002ರಲ್ಲಿ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಒಮ್ಮತಕ್ಕೆ ಬಂದಿದ್ದರು. ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವೂ ಇದೆ. ಸಡಿಲ ಸೆಟ್ಟಿನಿಂದ ಬಳಲುವ ಹಿರಿಯರಿಗೆ ಈ ಕಾಲೇಜಿನಲ್ಲಿ ಇಂಥ ಚಿಕಿತ್ಸೆ ಕಡಿಮೆ ದರದಲ್ಲಿ ಸಿಗುವಂತೆ ಮಂಡಳಿ ನೆರವಾಗಬೇಕು. ಜೊತೆಗೆ ಸುತ್ತಲಿನ ಜಿಲ್ಲೆಗಳ ದಂತವೈದ್ಯರು ಅಪರಿಚಿತ ಇಂಪ್ಲಾಂಟಿನ ಎಕ್ಸ್‌ರೇ ಕಳಿಸಿ ವಿಚಾರಿಸಲು, ಬೇಕಾದ ಡ್ರೈವರನ್ನು ಎರವಲು ಪಡೆಯಲು ಅಲ್ಲೊಂದು ವ್ಯವಸ್ಥೆ ಆಗಬೇಕು. ನಮ್ಮ ಊರಿನ ವೈದ್ಯರಿಗೆ ಅಂಥದೊಂದು ನೆರವು ಸಿಕ್ಕಿದ್ದರೆ ಅಣ್ಣನವರ ಇಂಪ್ಲಾಂಟ್ ಉಳಿಯುತ್ತಿತ್ತು.

ಈಗಾಗಲೇ ಇಂಪ್ಲಾಂಟ್ ಹಾಕಿಸಿಕೊಂಡು ಕಾರ್ಡು ಇಲ್ಲದವರು ಸರ್ಕಾರದ ಆದೇಶಕ್ಕೆ ಕಾಯಬೇಕಿಲ್ಲ. ಹಲ್ಲು ಗಟ್ಟಿಯಾಗಿರುವಾಗಲೇ, ಚಿಕಿತ್ಸಾಲಯ ಅದೇ ಜಾಗದಲ್ಲಿ ಇರುವಾಗಲೇ, ಹಾಕಿದ ವೈದ್ಯರಿಂದ ಕಂಪನಿ, ಮಾದರಿ, ಅಳತೆ, ಲಾಟ್ ಸಂಖ್ಯೆಗಳನ್ನು ಬರೆಸಿ ಸಹಿ ಹಾಕಿಸಿಕೊಳ್ಳಿ. ಆ ಕಾಗದದ ಮತ್ತು ಎಕ್ಸ್‌ರೇಯ ಫೋಟೊ ತೆಗೆದು ಮಕ್ಕಳ ಮೊಬೈಲಿಗೂ ಕಳಿಸಿಡಿ. ಹಾಕಿದ ವೈದ್ಯರು ಸಿಗದಿದ್ದರೆ, ಅನುಭವವಿರುವವರು ಸ್ಪಷ್ಟವಾದ ಎಕ್ಸ್‌ರೇ ನೋಡಿ ಕಂಪನಿಯನ್ನು ಊಹಿಸಬಲ್ಲರಾದ್ದರಿಂದ, ಹತ್ತಿರದ ದಂತ ಕಾಲೇಜಿನಲ್ಲಿ ಒಂದು ಎಕ್ಸ್‌ರೇ ತೆಗೆಸಿ ವಿಚಾರಿಸಿ. ಕ್ಯಾಪ್ ಸ್ವಲ್ಪ ಅಲುಗಿದರೂ ಆ ಬದಿಯಿಂದ ಅಗಿಯುವುದನ್ನು ನಿಲ್ಲಿಸಿ, ಅದೇ ವಾರ ವೈದ್ಯರನ್ನು ಕಾಣಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ,
ಸಿಂಧನೂರು, ರಾಯಚೂರು ಜಿಲ್ಲೆ