ಆಸ್ಪತ್ರೆಯಿಂದ ಬಂದ ಮೇಲೆ ಲಕ್ವ ರೋಗಿಗೆ ಯಾರು ದಿಕ್ಕು?

ಮಾನ್ಯ ಸಂಪಾದಕರೇ,

ಲಕ್ವ ಹೊಡೆದವರನ್ನು ನಾಟಿ ಔಷಧಿಗೆಂದು ಅಲೆಸದೆ, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಅವಕಾಶವಿರುವ ನಾಲ್ಕೂವರೆ ಗಂಟೆಯೊಳಗೆ ಆಸ್ಪತ್ರೆಗೆ ಮುಟ್ಟಿಸಬೇಕೆಂಬ ತಿಳಿವಳಿಕೆ ನಮ್ಮ ಕಡೆಯ ಹಳ್ಳಿಗಳಿಗೂ ಬರುತ್ತಿದೆ. ಆದರೆ ರೋಗಿ ಮನೆಗೆ ಮರಳಿದ ದಿನದಿಂದ ಏನು ಮಾಡಬೇಕೆಂದು ಹೇಳುವವರು ಇಲ್ಲ.

ಕಬ್ಬಿನ ಗದ್ದೆಯಲ್ಲಿ ಕುಸಿದುಬಿದ್ದ ನನ್ನ ಅಣ್ಣನಿಗೆ ಬಲಭಾಗದ ಸ್ವಾಧೀನ ತಪ್ಪಿ ಮಾತೂ ನಿಂತುಹೋಯಿತು. ಹತ್ತು ದಿನಗಳ ನಂತರ ಮಾತ್ರೆಯ ಚೀಟಿ ಕೊಟ್ಟು ಮನೆಗೆ ಕಳುಹಿಸಿದರು. ನುಂಗುವ ಶಕ್ತಿ ಕುಂದಿದವರಿಗೆ ಮಲಗಿದಲ್ಲೇ ನೀರು, ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದೆಂದು ನಮಗೆ ಗೊತ್ತಿರಲಿಲ್ಲ. ಅಗಿಯದೆ ನುಂಗುವ ಮುದ್ದೆಯನ್ನೇ ಅತ್ತಿಗೆ ಸಾರಿನಲ್ಲಿ ಅದ್ದಿ ಬಾಯಿಗಿಡುತ್ತಿದ್ದರು. ಎಬ್ಬಿಸಿ ಕೂರಿಸುವಾಗ ಅಣ್ಣನ ಸೋತ ಕೈಯನ್ನು ಹಿಡಿದೆಳೆದವನು ನಾನೇ. ಭುಜದ ಕೀಲು ಸಡಿಲಗೊಂಡು ಇವತ್ತಿಗೂ ನೋಯುತ್ತಿದೆ. ಹತ್ತು ನಿಮಿಷ ಬಿಡುವು ಮಾಡಿಕೊಂಡು ಯಾರಾದರೂ ತೋರಿಸಿಕೊಟ್ಟಿದ್ದರೆ ಇವೆರಡೂ ತಪ್ಪುತ್ತಿದ್ದವು.

ಒಂದು ಲೋಟ ನೀರು ಕೇಳಲಾಗದ ಅಣ್ಣ, ಭಜನೆಯ ಸಾಲುಗಳನ್ನು ಮಾತ್ರ ತಡವರಿಸದೆ ಹೇಳುವುದನ್ನು ಕಂಡ ಊರವರು ಬುದ್ಧಿ ಕೆಟ್ಟಿದೆ ಎಂದುಕೊಂಡರು. ಬುದ್ಧಿ ಸರಿಯಾಗಿಯೇ ಇದೆ, ಪದ ಸಿಗುತ್ತಿಲ್ಲ, ಇದಕ್ಕೆ ಅಫೇಸಿಯಾ ಎನ್ನುತ್ತಾರೆ, ಬಾಯಿಪಾಠವಾದದ್ದು ಹೀಗೆ ಉಳಿದುಕೊಳ್ಳುವುದುಂಟು ಎಂದು ಬಿಡಿಸಿ ಹೇಳಿದವರು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯವರು. ಆದರೆ ಮಳವಳ್ಳಿ ಸೀಮೆಯ ನಮ್ಮ ಹಳ್ಳಿಯಿಂದ ಅಲ್ಲಿಗೆ ಮೂರು ಬಸ್ಸು ಹತ್ತಿಳಿಯಬೇಕು. ಶಕ್ತಿ ಯೋಜನೆಯಿಂದ ಅತ್ತಿಗೆಗೆ ಟಿಕೆಟ್ ದುಡ್ಡು ಉಳಿಯುತ್ತದೆ, ದಿನದ ಕೂಲಿ ಉಳಿಯುವುದಿಲ್ಲ. ಐದು ವಾರ ಹೋಗಿ ಬಿಟ್ಟೆವು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವೂ ಒಂದಾಗಿದ್ದು, ಅದರಡಿ ಅಫೇಸಿಯಾದ ಹೆಸರೇ ಇದೆ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುವ ವ್ಯವಸ್ಥೆಯೂ ನಮ್ಮ ರಾಜ್ಯದಲ್ಲಿದೆ. (ಅವರಿಗೆ ಸಿಗುವ ಗೌರವಧನ ನೋಡಿದರೆ ಇನ್ನಷ್ಟು ಕೆಲಸ ಹೇಳಲು ಬಾಯಿ ಬಾರದು, ಅದು ಬೇರೆ ಮಾತು.) ರೋಗಿಯನ್ನು ಮನೆಗೆ ಕಳುಹಿಸುವ ಆಸ್ಪತ್ರೆಯು ಅದೇ ದಿನ ಆತನ ಊರಿನ ಆಶಾ ಕಾರ್ಯಕರ್ತೆಗೂ ಪುನರ್ವಸತಿ ಕಾರ್ಯಕರ್ತರಿಗೂ ವಿಷಯ ಮುಟ್ಟಿಸಬೇಕು, ಊಟ ಮಾಡಿಸುವ, ಮಗ್ಗುಲು ಬದಲಿಸುವ, ಹಿಡಿದು ಎಬ್ಬಿಸುವ ಕ್ರಮವನ್ನು ಕಲಿತ ಒಬ್ಬರು ವಾರದೊಳಗೆ ಆ ಮನೆಗೆ ಹೋಗಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಫಿಸಿಯೋಥೆರಪಿ ಮತ್ತು ಮಾತಿನ ತರಬೇತಿ ಒಂದೇ ಕಡೆ ಸಿಗುವಂತೆ ಮಾಡಿದರೆ, ಮನೆಮಂದಿಯೂ ಪರಸ್ಪರ ಕೇಳಿ ತಿಳಿದುಕೊಳ್ಳುತ್ತಾರೆ.

ಲಕ್ವಕ್ಕೆ ದೊಡ್ಡ ಕಾರಣ ರಕ್ತದೊತ್ತಡ. ತಾಲ್ಲೂಕು ಆಸ್ಪತ್ರೆಯ ಆ ವಾರದ ದಿನ ರೋಗಿಯ ಜೊತೆ ಬಂದವರ ರಕ್ತದೊತ್ತಡವನ್ನೂ ಪರೀಕ್ಷಿಸಲಿ. ಈ ಒಂದೂವರೆ ವರ್ಷದಲ್ಲಿ ನಮ್ಮ ಅತ್ತಿಗೆಯದನ್ನು ಯಾರೂ ನೋಡಿಲ್ಲ.

– ಓದುಗ, ಮಳವಳ್ಳಿ ತಾಲ್ಲೂಕು, ಮಂಡ್ಯ ಜಿಲ್ಲೆ