ಬಚ್ಚೆಲಿಗೆ ಬಚ್ಚಲೇ ಮದ್ದು

ಪುಟ್ಟೀ,

ನಿನ್ನೆ ಫೋನಲ್ಲಿ "ಅಪ್ಪಾ, ಶನಿವಾರ ಇಡೀ ಮಲಗಿದ್ದೆ, ಆದ್ರೂ ಬಚ್ಚೆಲು ಹೋಗ್ಲಿಲ್ಲ" ಅಂದಿಯಲ್ಲ, ಆಗ ಎಂತ ಹೇಳುದು ಅಂತ ಗೊತ್ತಾಗ್ಲಿಲ್ಲ. ಬೆಂಗಳೂರಿಗೆ ಹೋಗಿ ಇಷ್ಟು ವರ್ಷ ಆದ್ರೂ ನೀನು ಟಯರ್ಡ್ ಅನ್ನದೆ ಬಚ್ಚೆಲು ಅಂದದ್ದು ಮಾತ್ರ ಖುಷಿ ಆಯ್ತು.

ನಮ್ಮದೂ ಈ ವಾರ ಅದೇ ಅವಸ್ಥೆ ಮಾರಾಯ್ತಿ. ಅಡಿಕೆಗೆ ಎರಡನೇ ಸಲದ ಮದ್ದು ಬಿಡುವುದು. ಮೊದಲ್ನೇದು ಬಿಟ್ಟು ನಲವತ್ತು ದಿನ ದಾಟಿತು, ಇನ್ನೂ ತಡ ಮಾಡಿದ್ರೆ ಕೊಳೆರೋಗ ಬಂದು ಎಳೆ ಅಡಿಕೆ ಎಲ್ಲ ಮರದ ಬುಡದಲ್ಲಿ. ಆದ್ರೆ ಮಳೆ ಹೊಳವು ಕೊಡ್ಬೇಕಲ್ಲ! ಬುಧವಾರ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು 1 ಕಿಲೋ ಸುಣ್ಣ ಲೆಕ್ಕದಲ್ಲಿ ಕಲ್ಸಿ, ಕತ್ತಿ ಅದ್ದಿ ತಾಮ್ರದ ಕೆಂಪು ಹತ್ತುದಿಲ್ಲ, ಹದ ಸರಿ ಇದೆ ಅಂತ ನೋಡಿ, ಮದ್ದು ಬಿಡುವ ಉದ್ದ ಕೋಲು ದೋಟಿ ಎತ್ತುವಷ್ಟರಲ್ಲಿ ಬದಿಯಡ್ಕ ಕಡೆಯಿಂದ ಜರ್ರಂತ ಬಂತು, ಸಂಜೆವರೆಗೂ ಬಿಡ್ಲಿಲ್ಲ, ಮರುದಿನಕ್ಕೆ ಇಡುವ ಹಾಗೂ ಇಲ್ಲ, ಡ್ರಮ್ಮು ಇಡೀ ವೇಸ್ಟು. ಮರ ಹತ್ತುವವರು ಸಿಗುದಿಲ್ಲ, ಹಾಗಾಗಿ ಈಗ ಕಾರ್ಬನ್ ಫೈಬರ್ ದೋಟಿ. ನೆಲದಲ್ಲೇ ನಿಂತು ಬಿಡಬಹುದು ಸರಿ, ಆದ್ರೆ ದಿನ ಇಡೀ ಮುಖ ಮೇಲೆ ಮಾಡಿ ಗೊನೆ ನೋಡಿ ನೋಡಿ ಕುತ್ತಿಗೆ ಹಾಗೇ ಹಿಡಿದು ನಿಂತಿತ್ತು. ನಿನಗೆ ಲ್ಯಾಪ್‌ಟಾಪ್ ನೋಡಿ ಬಗ್ಗಿಸಿ ನೋವು, ನನಗೆ ಎತ್ತಿ ನೋವು, ಅಷ್ಟೇ ವ್ಯತ್ಯಾಸ.

ನಿನ್ನೆ ಮೂರು ಗಂಟೆಗೆ ಕೊನೇ ಮರ ಮುಗೀತು. ತಾಳಮದ್ದಳೆಗೆ ಬನ್ನಿ ಅಂತ ಫೋನ್ ಬಂದಿತ್ತು, ಹೋಗ್ಲಿಲ್ಲ. ನೇರ ಬಚ್ಚಲಿಗೆ ಹೋಗಿ ಹಂಡೆ ಒಲೆಗೆ ಅಡಿಕೆ ಸಿಪ್ಪೆ ತುಂಬಿಸಿ ಬೆಂಕಿ ಮಾಡಿದೆ. ಸಿಪ್ಪೆ ಬೇಗ ಉರಿಯುದಿಲ್ಲ, ಹೊಗೆ ಕೊಟ್ಟುಕೊಂಡು ಕೂತಿರ್ತದೆ, ಎರಡು ಕರಟ ಹಾಕಿದ್ರೆ ಮಾತ್ರ ಭುಗ್ ಅಂತದೆ. ನಾನು ತೆಂಗಿನೆಣ್ಣೆ ಬೆಚ್ಚಗೆ ಮಾಡಿ ತಲೆಯಿಂದ ಕಾಲಿನವರೆಗೆ ಹಾಕಿ ಒಲೆ ಎದುರು ಮಣೆಯಲ್ಲಿ ಕೂತೆ, ಒಂದು ಗಂಟೆ, ಎಂತ ಮಾಡದೆ. ಫೋನು ಒಳಗೆ ಚಾರ್ಜಿಗೆ. ಉಗುರಿನ ಸಂದಿಯ ಮೈಲುತುತ್ತಿನ ನೀಲಿ ನೋಡ್ತಾ ಕೂತದ್ದೇ. ಮತ್ತೆ ಗುಡ್ಡ ಕೊರೆದ ಸುರಂಗದ ನೀರು ಕೊತಕೊತ ಕಾದು, ಸೀಗೆ ಹುಡಿ ಹಾಕಿ ಕಣ್ಣುರಿಸಿಕೊಂಡು, ತಂಬಿಗೆ ಮೇಲೆ ತಂಬಿಗೆ ಸುರಿದದ್ದೇ ಸುರಿದದ್ದು.

ಹೊರಗೆ ಬರುವಾಗ ಕರೆಂಟ್ ಹೋಗಿತ್ತು. ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ, ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ. ಉಂಡು ಜಗಲಿಯಲ್ಲಿ ಅಡ್ಡ ಆದೆ. ನಿನ್ನ ಫೋನ್ ಬಂದದ್ದು ಆಗ್ಲೇ, ಅದಕ್ಕೇ ನಾನು ಬರೇ ಹೂಂ ಹೂಂ ಅಂದದ್ದು, ಬೇಜಾರು ಮಾಡ್ಬೇಡ.

ಫೋನ್ ಇಟ್ಟ ಮೇಲೆ ಅಮ್ಮ ಕೇಳಿದ್ಳು, "ನಿಮ್ಮ ವಾರ ಮುಗೀತು, ನನ್ನದು ಯಾವಾಗ ಮುಗಿಯುದು?" ಮದ್ದಿನವರಿಗೆ ಆರು ದಿನ ಚಹಾ, ತಿಂಡಿ, ಊಟ ಮಾಡಿ ಹಾಕಿದ್ದು ಯಾರು ಹೇಳು. ನನಗೆ ಉತ್ತರ ಬರ್ಲಿಲ್ಲ. ಇವತ್ತು ಬೆಳಿಗ್ಗೆ ಎದ್ದು ಅವಳಿಗೆ ಅಂತ ನಾನೇ ಬೆಂಕಿ ಮಾಡಿದೆ. ದೋಸೆಯೂ ನಾನೇ ಹೊಯ್ದೆ, ಮೊದಲ ಮೂರು ಕಾವಲಿಗೆ ಹಿಡಿದು ದನಕ್ಕೆ ಹೋಯ್ತು, ಅದನ್ನು ಅವಳೇ ನಿನಗೆ ಹೇಳ್ತಾಳೆ ಬಿಡು.

ನೀನು ಮಲಗಿದ್ದೆ ಅಂತಿ, ಆದ್ರೆ ರಾತ್ರಿ ಎರಡು ಗಂಟೆಗೆ ನಿನ್ನ ವಾಟ್ಸಾಪಲ್ಲಿ ಆನ್‌ಲೈನ್ ಅಂತ ನಾನೇ ನೋಡಿದ್ದೇನೆ. (ನಾನು ಯಾಕೆ ಎಚ್ಚರ ಇದ್ದೆ ಅಂತ ಕೇಳ್ಬೇಡ, ಹಂದಿ ತೋಟಕ್ಕೆ ಇಳಿದಿತ್ತು.) ಅದು ಮಲಗಿದ್ದಲ್ಲ ಮಗಾ.

ಮುಂದಿನ ಶುಕ್ರವಾರ ರಾತ್ರಿ ಕಣ್ಣೂರು ಎಕ್ಸ್‌ಪ್ರೆಸ್ ಹತ್ತಿ ಬಾ, ಕಾಸರಗೋಡು ಸ್ಟೇಷನ್ನಿಗೆ ನಾನು ಜೀಪ್ ತರ್ತೇನೆ. ಲ್ಯಾಪ್‌ಟಾಪ್ ತಂದ್ರೂ ಉಪಯೋಗ ಇಲ್ಲ, ಮಳೆಗೆ ರೇಂಜು ಇಲ್ಲ. ಒಣ ಸಿಪ್ಪೆ ನಾಲ್ಕು ಗೋಣಿ ನಿನಗೆ ಅಂತ ಅಟ್ಟದಲ್ಲಿ ಇಟ್ಟಿದ್ದೇನೆ. ಟಿಕೆಟ್ ಆದ ಕೂಡ್ಲೆ ಅಮ್ಮನಿಗೆ ಹೇಳು, ಪತ್ರೊಡೆಗೆ ಅಕ್ಕಿ ಹಾಕ್ಬೇಕಂತೆ.

ಅಪ್ಪ