ಹಗಲು ಹನ್ನೊಂದೂವರೆಯ ಐಸ್‌ಕ್ರೀಮ್

ಅಮ್ಮಾ,

ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ನೀವೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಶಶಿ ಮೊನ್ನೆ ಬಂದವನು ನಿನ್ನ ಕಾಗದ ಕೊಟ್ಟ. ನಾಲ್ಕು ಪುಟದಲ್ಲಿ ಮೂರೂವರೆ ಪುಟ ಆ ಒಂದು ಫೋಟೋದ ಬಗ್ಗೆಯೇ ಇದೆಯಲ್ಲ! ಫೋನಿನಲ್ಲಿ ಕೇಳದೆ ಕಾಗದ ಯಾಕೆ ಬರೆದೆ ಅಂತ ಅರ್ಥ ಆಯಿತು. ಸ್ಪೀಕರ್ ಹಾಕದೆ ನಿನಗೆ ಕೇಳಿಸುವುದಿಲ್ಲ, ಸ್ಪೀಕರ್ ಹಾಕಿದರೆ ಅಪ್ಪ ಪಕ್ಕದಲ್ಲೇ. ಅದಕ್ಕೇ ನಾನೂ ಕಾಗದ ಬರೆಯಲು ಕೂತೆ. ನನ್ನ ಅಕ್ಷರ ಎಷ್ಟು ಕೆಟ್ಟಿದೆ ನೋಡು.

ಮೊದಲು ಫೋಟೋ ವಿಷಯ. ಚಡ್ಡಿ ಹಾಕಿಕೊಂಡು, ಟವೆಲ್ ಸುತ್ತಿದ ಗಂಟೊಂದನ್ನು ಎದೆಗೆ ಅವುಚಿಕೊಂಡು ಕುಣಿಯುತ್ತಿರುವುದು ನಾನೇ. ಹುಚ್ಚು ಹಿಡಿದಿಲ್ಲ. ಗಂಟಿನೊಳಗೆ ಇದ್ದದ್ದು ಐಸ್‌ಕ್ರೀಮ್. ಫ್ಯಾಮಿಲಿ ಗ್ರೂಪಿಗೆ ಅದನ್ನು ಹಾಕಿದ್ದು ಪುಟ್ಟಿ. ಅವಳ ಕೈಗೆ ಫೋನ್ ಕೊಟ್ಟಿದ್ದು ನನ್ನ ತಪ್ಪು.

"ಮಟಮಟ ಮಧ್ಯಾಹ್ನ ಆಫೀಸು ಬಿಟ್ಟು ಇದೇನಪ್ಪಾ" ಅಂತ ಕೇಳಿದ್ದೀಯ. ಈ ಅಮೆರಿಕದಲ್ಲಿ ಬೇಸಿಗೆಯಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ ಅಮ್ಮ. ಮಕ್ಕಳನ್ನು ಮಲಗಿಸಬೇಕಾದರೆ ಕಿಟಕಿಗೆ ದಪ್ಪ ಪರದೆ ಎಳೆದು, ಕತ್ತಲಾಯಿತು ಅಂತ ಸುಳ್ಳು ಹೇಳಬೇಕು. ಫೋಟೋದಲ್ಲಿ ಬಿಸಿಲು ಕಂಡ ಮಾತ್ರಕ್ಕೆ ಮಧ್ಯಾಹ್ನವೇ ಆಗಬೇಕಿಲ್ಲ. ಗೋಡೆ ಗಡಿಯಾರದ ಬಗ್ಗೆಯೂ ಏನೋ ಬರೆದಿದ್ದೀಯ. ಅದಕ್ಕೆ ಆಮೇಲೆ ಬರುತ್ತೇನೆ.

ಇದು ಶುರುವಾಗಿದ್ದು ಹೇಗೆ ಅಂದರೆ, ಜೂನ್‌ನಲ್ಲಿ ಶಾಲೆ ಮುಚ್ಚಿತು. ಇಲ್ಲಿ ಎರಡು ತಿಂಗಳಿಗೂ ಜಾಸ್ತಿ ರಜೆ. ಎಲ್ಲರೂ ಮಕ್ಕಳನ್ನು ಬೇಸಿಗೆ ಕ್ಯಾಂಪಿಗೆ ಸೇರಿಸುತ್ತಾರೆ. ಈ ಸಲ ನಾವು ಸೇರಿಸಲಿಲ್ಲ. ಮನೆಯಲ್ಲೇ ಇರಲಿ, ಒಳ್ಳೆಯದೇ ಅಲ್ವಾ ಅಂದುಕೊಂಡೆವು. ನಾಲ್ಕನೇ ದಿನಕ್ಕೆ ಇಬ್ಬರೂ ಸೋಫಾ ಮೇಲೆ ತಲೆಕೆಳಗಾಗಿ ಮಲಗಿ "ಬೋರು, ಬೋರು" ಅಂತ ಭಜನೆ ಶುರು ಮಾಡಿದರು. ಅದೇ ಹೊತ್ತಿಗೆ ಬೀದಿಯಲ್ಲಿ ಐಸ್‌ಕ್ರೀಮ್ ಗಾಡಿ ಬಂತು. ಇಲ್ಲಿಯ ಗಾಡಿ ಒಂದೇ ರಾಗವನ್ನು ಎಷ್ಟು ಸಲ ನುಡಿಸುತ್ತದೆ ಅಂದರೆ, ಮಕ್ಕಳಿಗೆ ಅದು ಹಬ್ಬ, ದೊಡ್ಡವರಿಗೆ ಸಾಲಗಾರ ಬಾಗಿಲು ಬಡಿದ ಹಾಗೆ. ಇಬ್ಬರೂ ಕೈ ಚಾಚಿ ನಿಂತರು. ನಾನು ಜೇಬಿಗೆ ಕೈ ಹಾಕಿದವನು ಸುಮ್ನೆ ತೆಗೆದುಬಿಟ್ಟೆ. "ಅದೇನು ಮಹಾ, ನಾವೇ ಮಾಡೋಣ" ಅಂದೆ. ಮಾತು ಬಾಯಿಂದ ಬಿದ್ದಾಗಿತ್ತು.

ಮಷೀನು ಇರಲಿಲ್ಲ. ಮಷೀನು ಬೇಡವೂ ಬೇಡ. ಜಿಪ್ ಇರುವ ಎರಡು ಪ್ಲಾಸ್ಟಿಕ್ ಚೀಲ ಸಾಕು, ಒಂದು ಚಿಕ್ಕದು, ಒಂದು ದೊಡ್ಡದು. ಚಿಕ್ಕದರಲ್ಲಿ ಒಂದು ಲೋಟ ಹಾಲು-ಕೆನೆ, ಎರಡು ದೊಡ್ಡ ಚಮಚ ಸಕ್ಕರೆ, ಎರಡು ಹನಿ ವೆನಿಲಾ. ಗಾಳಿ ಹೊರಗೆ ಒತ್ತಿ ಬಾಯಿ ಮುಚ್ಚುವುದು. ದೊಡ್ಡದರಲ್ಲಿ ಅರ್ಧದಷ್ಟು ಐಸ್ ಗಟ್ಟಿ, ಅದರ ಮೇಲೆ ಅರ್ಧ ಲೋಟ ಕಲ್ಲುಪ್ಪು. ಚಿಕ್ಕದನ್ನು ದೊಡ್ಡದರೊಳಗೆ ಇಟ್ಟು, ಟವೆಲ್ ಸುತ್ತಿ, ಹತ್ತು ನಿಮಿಷ ಕೈ ಬಿಡದೆ ಅಲ್ಲಾಡಿಸುವುದು. ಅಷ್ಟೇ.

ಉಪ್ಪಿನದೊಂದು ತಮಾಷೆ ಇದೆ ಕೇಳು. ಚಳಿಗಾಲದಲ್ಲಿ ಇಲ್ಲಿ ರಸ್ತೆಯ ಮೇಲೆ ಕಟ್ಟಿದ ಐಸ್ ಕರಗಲಿ ಅಂತ ಉಪ್ಪು ಎರಚುತ್ತಾರೆ, ನಿನಗೆ ಹೇಳಿದ್ದೆನಲ್ಲ. ಆ ಉಪ್ಪಿನ ಅರ್ಧ ಮೂಟೆ ಗ್ಯಾರೇಜಿನಲ್ಲಿ ಬಿದ್ದಿತ್ತು. ಅದನ್ನೇ ತರಲು ಹೋದೆ. ರೂಪಾ ಬಾಗಿಲಲ್ಲೇ ತಡೆದಳು. "ಅದು ತಿನ್ನುವ ಉಪ್ಪಲ್ಲ, ಚೀಲ ಒಡೆದರೆ ಏನು ಗತಿ?" ಅಂದಳು. ಅವಳು ಹೇಳಿದ್ದೇ ಸರಿಯಾಯಿತು. ಅಡುಗೆಯ ಉಪ್ಪನ್ನೇ ಹಾಕಿದೆವು, ಮೊದಲನೇ ದಿನವೇ ಚೀಲ ಒಡೆಯಿತು!

ಅಭಿಗೆ ಅನುಮಾನ. ರಸ್ತೆಯಲ್ಲಿ ಐಸನ್ನು ಕರಗಿಸುವ ಉಪ್ಪು, ಇಲ್ಲಿ ಹಾಲನ್ನು ಗಟ್ಟಿ ಮಾಡುವುದು ಹೇಗೆ? ಒಳ್ಳೆಯ ಪ್ರಶ್ನೆ ಅಲ್ವಾ? ಎಂಜಿನಿಯರಿಂಗ್ ಓದಿದ ಅಪ್ಪ ಎರಡು ನಿಮಿಷ ಬೆಪ್ಪಾಗಿ ನಿಂತೆ. ಎರಡು ಕಡೆಯೂ ಅದು ಮಾಡುವುದು ಒಂದೇ ಕೆಲಸ. ಉಪ್ಪು ಬಿದ್ದರೆ ಐಸ್ ಕರಗುತ್ತದೆ. ಕರಗಬೇಕಾದರೆ ಅದಕ್ಕೆ ಬಿಸಿ ಬೇಕು, ಆ ಬಿಸಿಯನ್ನು ಪಕ್ಕದಲ್ಲಿರುವ ಹಾಲಿನಿಂದ ಕಿತ್ತುಕೊಳ್ಳುತ್ತದೆ. ಹಾಲು ಬಡವಾಗಿ ಗಟ್ಟಿಯಾಗುತ್ತದೆ. ಅಭಿ ಅಡುಗೆಮನೆಯ ಥರ್ಮಾಮೀಟರ್ ತಂದು ಚುಚ್ಚಿದ. ಬರೀ ಐಸ್‌ನಲ್ಲಿ ಸೊನ್ನೆ. ಉಪ್ಪು ಹಾಕಿ ಅಲ್ಲಾಡಿಸಿದ ಮೇಲೆ ಮೈನಸ್ 12. ಅಳತೆ ಸರಿಯಾಗಿ ಕೂತರೆ ಮೈನಸ್ 21ರವರೆಗೂ ಇಳಿಯುತ್ತದಂತೆ. ಟವೆಲ್ ಯಾಕೆ ಸುತ್ತಬೇಕು ಅಂತ ಆಗ ಗೊತ್ತಾಯಿತು. ನಾನು ಶೂರನ ಹಾಗೆ ಬರಿಗೈಲಿ ಹಿಡಿದಿದ್ದೆ. ಬೆರಳ ತುದಿ ಸುಟ್ಟ ಹಾಗೆ ಉರಿಯಿತು. ಈಗ ಏನೂ ಇಲ್ಲ, ಗಾಬರಿ ಬೇಡ.

ಮೊದಲನೇ ಐಸ್‌ಕ್ರೀಮಿಗೆ ಉಪ್ಪುನೀರು ಸೇರಿತ್ತು. ಪುಟ್ಟಿ ಒಂದು ಚಮಚ ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ಹುಬ್ಬು ಕುಣಿಯಿತು, ಕೆನ್ನೆ ಉಬ್ಬಿತು. ಉಗುಳುತ್ತಾಳೆ ಅಂತ ನಾನು ಬಟ್ಟಲು ಹಿಡಿದೆ. ನುಂಗಿಬಿಟ್ಟು, "ಇದು ಸಮುದ್ರದ ಫ್ಲೇವರ್" ಅಂದಳು. ನಿನ್ನದೇ ಹಟ ಅವಳಿಗೆ. ಆಮೇಲಿನಿಂದ ಚಿಕ್ಕ ಚೀಲವನ್ನು ಎರಡು ಪದರ ಮಾಡಿದೆವು. ತೆರೆಯುವ ಮೊದಲು ಮೇಲಿನ ಉಪ್ಪುನೀರನ್ನು ತಣ್ಣೀರಿನಲ್ಲಿ ಬೇಗ ತೊಳೆಯಬೇಕು ಅನ್ನುವುದನ್ನೂ ಕಲಿತೆವು.

ಆ ಹೆಸರಿನಿಂದಲೇ ಅಂಗಡಿ ಹುಟ್ಟಿತು. ಮೆಟ್ಟಿಲ ಕೆಳಗೆ ರಟ್ಟಿನ ಡಬ್ಬ ನಿಲ್ಲಿಸಿ, ಅದಕ್ಕೆ ಕಿಟಕಿ ಕೊರೆದಿದ್ದಾರೆ. ಬೋರ್ಡಿನಲ್ಲಿ ದಿನಕ್ಕೊಂದು ಹೊಸ ಹೆಸರು. ಸ್ಟ್ರಾಬೆರಿ ಹಿಸುಕಿ ಹಾಕಿದ್ದು "ಮಂಡಿ ತರಚಿದ ಗಾಯ". ಬಿಸ್ಕತ್ತು ಪುಡಿ ಹಾಕಿದ್ದು "ರಸ್ತೆ ರಿಪೇರಿ". ವೆನಿಲಾದಲ್ಲಿ ಏನೂ ಇಲ್ಲದಿದ್ದರೆ "ಅಪ್ಪನ ತಲೆ". ನಗಬೇಡ. ಬಿಲ್ಲು ದುಡ್ಡಿನಲ್ಲಿ ಅಲ್ಲ, ಒಂದು ಹಾಡು ಅಥವಾ ಒಂದು ಜೋಕು ಕೊಡಬೇಕು. ಒಂದೇ ಜೋಕನ್ನು ಎರಡು ಸಲ ಹೇಳಿದರೆ ಖೋಟಾ ನೋಟು ಅಂತ ವಾಪಸ್ ಕಳಿಸುತ್ತಾರೆ. ನನ್ನ ಖಜಾನೆ ಒಂದೇ ವಾರಕ್ಕೆ ಖಾಲಿ. ಅಪ್ಪ ಹೇಳುತ್ತಿದ್ದ ಆ ಹಳೇ ಕತ್ತೆ ಕತೆಯನ್ನೂ ಖರ್ಚು ಮಾಡಿದೆ.

ಪಕ್ಕದ ಮನೆಯ ಅಜ್ಜಿ ಖಾಯಂ ಗಿರಾಕಿ. ಆಕೆ ಒಂದು ದಿನ ತನ್ನ ಅಟ್ಟದಿಂದ ಹಳೆಯ ಮರದ ಬಕೆಟ್ ಇಳಿಸಿಕೊಂಡು ಬಂದರು. ಮಧ್ಯೆ ತಗಡಿನ ಡಬ್ಬ, ಒಳಗೆ ಮರದ ರೆಕ್ಕೆ, ಮೇಲೆ ತಿರುಗಿಸುವ ಹಿಡಿ. ಬಕೆಟ್ಟಿಗೆ ಐಸು-ಉಪ್ಪು ತುಂಬಿ, ಹಿಡಿ ತಿರುಗಿಸುತ್ತಾ ಹೋಗುವುದು. ಇಂಥ ಮಷೀನಿಗೆ ನ್ಯಾನ್ಸಿ ಜಾನ್ಸನ್ ಅನ್ನುವ ಹೆಂಗಸು 1843ರಲ್ಲಿ ಪೇಟೆಂಟ್ ತೆಗೆದುಕೊಂಡರಂತೆ. ಕರೆಂಟೇ ಇಲ್ಲದ ಕಾಲದಲ್ಲಿ! ಇನ್ನೊಂದು ವಿಚಿತ್ರ ಹೇಳಲಾ? ಈ ದೇಶದಲ್ಲಿ ಜುಲೈ ಐಸ್‌ಕ್ರೀಮ್ ತಿಂಗಳು. 1984ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿ ಘೋಷಿಸಿದರು, ಮೂರನೇ ಭಾನುವಾರ ಐಸ್‌ಕ್ರೀಮ್ ದಿನ. ನಾನು ಕುಣಿದಿದ್ದು ಸರ್ಕಾರದ ಅಪ್ಪಣೆ ಪ್ರಕಾರವೇ ಅಂತ ಅಪ್ಪನಿಗೆ ಹೇಳು.

ಹಿಡಿ ತಿರುಗಿಸುವುದು ಮೊದಲು ಮಕ್ಕಳ ಕೈಯಲ್ಲೇ ಆಗುತ್ತದೆ. ಗಟ್ಟಿಯಾಗುತ್ತಾ ಬಂದ ಹಾಗೆ ನನ್ನ ಪಾಳಿ. ನಡುವೆ ನಿಲ್ಲಿಸಿದರೆ ಒಳಗೆ ದೊಡ್ಡ ದೊಡ್ಡ ಐಸ್ ಹರಳು ಕಟ್ಟಿ, ತಿನ್ನುವಾಗ ಮರಳು ಅಗಿದ ಹಾಗಾಗುತ್ತದೆ. ತಿರುಗುತ್ತಲೇ ಇದ್ದರೆ ಹರಳು ಸಣ್ಣದು, ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಅಗ್ಗದ ಐಸ್‌ಕ್ರೀಮಿನಲ್ಲಿ ಅರ್ಧದಷ್ಟು ಗಾಳಿಯೇ ಇರುತ್ತದೆ. ನಮ್ಮದರಲ್ಲಿ ಬರೀ ಹಾಲು, ಕೆನೆ ಮತ್ತು ನನ್ನ ತೋಳು ನೋವು.

ಅಭಿಗೆ ಒಂದು ಕತೆ ಹೇಳಿದೆ, ಅದರಿಂದ ಎರಡು ದಿನ ಫ್ರಿಜ್ ನಮ್ಮ ಕೈಗೆ ಸಿಗಲಿಲ್ಲ. ಈಗಿನ ತಾಂಜಾನಿಯಾದಲ್ಲಿ 1963ರಲ್ಲಿ ಎರಾಸ್ಟೋ ಎಂಪೆಂಬಾ ಅನ್ನುವ ಶಾಲೆಯ ಹುಡುಗ ಐಸ್‌ಕ್ರೀಮ್ ಮಾಡುತ್ತಿದ್ದ. ಹಾಲು ಕಾಯಿಸಿ, ಸಕ್ಕರೆ ಬೆರೆಸಿ, ಆರಿದ ಮೇಲೆ ಫ್ರೀಜರ್‌ನಲ್ಲಿ ಇಡಬೇಕು. ಎಲ್ಲಿ ಜಾಗ ತುಂಬಿಬಿಡುತ್ತದೋ ಅಂತ ಇವನು ಬಿಸಿ ಇದ್ದಾಗಲೇ ಇಟ್ಟ. ನೋಡಿದರೆ ಆರಿಸಿ ಇಟ್ಟವನದಕ್ಕಿಂತ ಇವನದೇ ಮೊದಲು ಗಟ್ಟಿಯಾಗಿತ್ತು. ಮೇಷ್ಟ್ರು ನಂಬಲಿಲ್ಲ, ನಿನಗೆ ಗೊಂದಲ ಆಗಿದೆ ಅಂದರು. ಹುಡುಗ ಬಿಡಲಿಲ್ಲ. ಕೊನೆಗೆ ಡೆನಿಸ್ ಆಸ್ಬೋರ್ನ್ ಅನ್ನುವ ಪ್ರೊಫೆಸರ್ ಹತ್ತಿರ ಕೇಳಿದ. ಅವರು ನಗದೆ ಪ್ರಯೋಗ ಮಾಡಿಸಿದರು. 1969ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದರು. ಅದು ನಿಜವಾ, ಯಾಕೆ ಹಾಗೆ ಅಂತ ವಿಜ್ಞಾನಿಗಳು ಇನ್ನೂ ಜಗಳ ಆಡುತ್ತಿದ್ದಾರೆ. ಅಭಿ ಒಂದು ಲೋಟ ಬಿಸಿ ಹಾಲು, ಒಂದು ಲೋಟ ತಣ್ಣನೆ ಹಾಲು ಇಟ್ಟು, ಕಾಲು ಗಂಟೆಗೊಮ್ಮೆ ಬಾಗಿಲು ತೆಗೆದು ನೋಡಿದ. ಅಷ್ಟು ಸಲ ತೆಗೆದರೆ ಯಾವ ಹಾಲು ಗಟ್ಟಿಯಾಗುತ್ತದೆ? ಎರಡೂ ಆಗಲಿಲ್ಲ, ರೂಪಾ ಇಟ್ಟಿದ್ದ ಬಟಾಣಿಯೂ ಕರಗಿತು.

ಹಾಲಿಲ್ಲದ ದಿನ ಬಾಳೆಹಣ್ಣು. ಚೆನ್ನಾಗಿ ಕಳಿತ ಹಣ್ಣನ್ನು ಬಿಲ್ಲೆ ಕತ್ತರಿಸಿ, ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು, ಮಿಕ್ಸಿಗೆ ಹಾಕಿದರೆ ಮೊದಲು ಪುಡಿ ಪುಡಿ, ಆಮೇಲೆ ಇದ್ದಕ್ಕಿದ್ದ ಹಾಗೆ ಬೆಣ್ಣೆ. ಸಕ್ಕರೆಯೂ ಬೇಡ. ನಿನ್ನ ಮಿಕ್ಸಿಯಲ್ಲೂ ಆಗುತ್ತದೆ, ಮಾಡಿ ನೋಡು. ಮಧ್ಯೆ ಮಧ್ಯೆ ನಿಲ್ಲಿಸು, ಮೋಟಾರು ಬಿಸಿಯಾಗುತ್ತದೆ.

ಸರಿ. ಈಗ ಗಡಿಯಾರ.

ಈ ಹಾಳೆ ಅಪ್ಪನ ಮುಂದೆ ಓದಬೇಡ. ಗಡಿಯಾರದಲ್ಲಿ ಹನ್ನೊಂದೂವರೆ ಇತ್ತು, ನೀನು ಕಂಡಿದ್ದು ನಿಜ. ಅವತ್ತು ಮಂಗಳವಾರ ಅನ್ನುವುದೂ ನಿಜ. ರಾತ್ರಿ ಹನ್ನೊಂದೂವರೆಗೆ ಇಲ್ಲೂ ಬಿಸಿಲು ಇರುವುದಿಲ್ಲ. ನನ್ನ ಪರೀಕ್ಷೆಯ ಅಂಕಪಟ್ಟಿಯಲ್ಲಿ ತಿದ್ದಿದ್ದನ್ನು ಕಂಡುಹಿಡಿದವಳು ನೀನು, ನಿನ್ನ ಹತ್ತಿರ ಮುಚ್ಚಿಟ್ಟು ಪ್ರಯೋಜನ ಇಲ್ಲ. ಮೇ ತಿಂಗಳಿಂದ ನನಗೆ ಕೆಲಸ ಇಲ್ಲ. ನಮ್ಮ ತಂಡವನ್ನೇ ಮುಚ್ಚಿದರು. ಒಂದು ಸೋಮವಾರ ಬೆಳಗ್ಗೆ ಮೀಟಿಂಗ್ ಇದೆ ಅಂದರು, ಕಾಲು ಗಂಟೆಯಲ್ಲಿ ಮುಗಿಯಿತು. ನನ್ನ ತಪ್ಪೇನೂ ಇರಲಿಲ್ಲ, ಹದಿನಾಲ್ಕು ಜನ ಒಟ್ಟಿಗೆ ಹೋದೆವು.

ಆದರೆ ಚಿಂತೆ ಮಾಡುವಂಥದ್ದು ಏನೂ ಇಲ್ಲ. ಖಂಡಿತ ಇಲ್ಲ. ಮೂರು ತಿಂಗಳ ಸಂಬಳ ಕೊಟ್ಟೇ ಕಳಿಸಿದ್ದಾರೆ. ರೂಪಾಳ ಕೆಲಸ ಇದೆ, ಅವಳ ಕೆಲಸಕ್ಕೆ ಏನೂ ಆಗುವುದಿಲ್ಲ. ಇನ್ಶೂರೆನ್ಸ್ ಅವಳ ಕಡೆಯಿಂದ ಇದೆ. ಗ್ರೀನ್ ಕಾರ್ಡ್ ಬಂದು ಎರಡು ವರ್ಷವಾಯಿತು, ಯಾರೂ ದೇಶ ಬಿಟ್ಟು ಹೋಗು ಅನ್ನುವುದಿಲ್ಲ. ಊಟ ತಿಂಡಿ ಎಲ್ಲ ಮೊದಲಿನ ಹಾಗೇ. ಜಾಸ್ತಿಯೇ ಅನ್ನು, ಎರಡು ಕಿಲೋ ಏರಿದ್ದೇನೆ. ತಿಂಗಳು ತಿಂಗಳು ನಿಮಗೆ ಕಳಿಸುವುದು ನಿಲ್ಲುವುದಿಲ್ಲ. ನೀನು ಬರೆದಿದ್ದೀಯಲ್ಲ, "ನನ್ನ ಬಳೆ ಹಾಗೇ ಇವೆ" ಅಂತ, ಆ ಮಾತನ್ನು ಇನ್ನೊಂದು ಸಲ ಬರೆಯಬೇಡ. ಓದಿ ಎರಡು ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಿಜವಾಗಿ ನಾವು ಚೆನ್ನಾಗಿದ್ದೇವೆ. ಡಿಸೆಂಬರ್‌ಗೆ ಬರುವುದಕ್ಕೆ ಟಿಕೆಟ್ ಇನ್ನೂ ತೆಗೆದಿಲ್ಲ, ನೋಡೋಣ, ಬಂದೇ ಬರುತ್ತೇವೆ, ಇಲ್ಲ ಅಂದರೆ ಬೇಸಿಗೆಗೆ.

ಮಕ್ಕಳಿಗೆ ಹೇಳಿದ್ದೇವೆ. ಅಭಿ ಸುಮ್ಮನೆ ಕೇಳಿಸಿಕೊಂಡ. ಪುಟ್ಟಿ ಮಾತ್ರ, "ಹಾಗಾದರೆ ನೀನು ನಮ್ಮ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಕೋ" ಅಂದಳು. ಸಂಬಳ ಎಷ್ಟು ಅಂತ ಕೇಳಿದೆ. ದಿನಕ್ಕೆ ಎರಡು ಜೋಕು. ಸೇರಿದ್ದೇನೆ. ಬೆಳಗ್ಗೆ ಎರಡು ಗಂಟೆ ಹೊತ್ತು ಅರ್ಜಿ ಹಾಕುವುದು, ಫೋನು ಮಾಡುವುದು. ಹನ್ನೊಂದಕ್ಕೆ ಅಂಗಡಿ. ಪುಟ್ಟಿಗೆ ಸೈಕಲ್ ಕಲಿಸಿದ್ದು ರೂಪಾ, ಅಭಿಗೆ ಈಜು ಕಲಿಸಿದ್ದು ಯಾರೋ ಮೇಷ್ಟ್ರು. ಇಬ್ಬರ ಬೇಸಿಗೆ ರಜೆಯೂ ಹೇಗಿರುತ್ತದೆ ಅಂತ ನಾನು ನೋಡುತ್ತಿರುವುದು ಇದೇ ಮೊದಲು.

ಅಪ್ಪನಿಗೆ ಈಗಲೇ ಹೇಳಬೇಡ. ರಾತ್ರಿಯಿಡೀ ನೋಟ್‌ಬುಕ್ ಹಿಡಿದು ಲೆಕ್ಕ ಹಾಕುತ್ತಾ ಕೂರುತ್ತಾರೆ. ಕೆಲಸ ಸಿಕ್ಕ ಮೇಲೆ ನಾನೇ ಹೇಳುತ್ತೇನೆ. ಕೇಳಿದರೆ, ರಜೆ ಹಾಕಿದ್ದ ಅನ್ನು.

ಇಷ್ಟು ಬರೆಯುವಷ್ಟರಲ್ಲಿ ಹತ್ತೂಕಾಲು. ಹತ್ತೂವರೆಗೆ ಒಂದು ಇಂಟರ್‌ವ್ಯೂ ಫೋನ್ ಇದೆ, ಎರಡನೇ ಸುತ್ತು. ಅಂಗಿ ಬದಲಾಯಿಸಬೇಕು, ಇದರ ಮೇಲೆಲ್ಲ ಸ್ಟ್ರಾಬೆರಿ. ಕೆಳಗೆ ಪುಟ್ಟಿ ಐಸ್ ಕರಗುತ್ತಿದೆ ಅಂತ ಕಿರುಚುತ್ತಿದ್ದಾಳೆ. ಅತ್ತೆಗೆ ನಮಸ್ಕಾರ ಹೇಳು. ಮಾತ್ರೆ ತಪ್ಪಿಸಬೇಡ. ಒಂದು ಒಳ್ಳೆಯ ಜೋಕು ಬರೆದು ಕಳಿಸು, ಬೇಗ.

ನಿನ್ನ ಮಗ,
ರಘು